ವೈಶಂಪಾಯನ ಸರೋವರದ ಕೆಳಗೆ ಎರಡು ಗದೆ

ಹಾಸನದ ನಮ್ಮ ಹವ್ಯಾಸಿ ತಂಡವು ಬಿ.ಎಂ.ಶ್ರೀಯವರ ‘ಗದಾಯುದ್ಧ ನಾಟಕಂ’ ಆಡುವುದೆಂದು ನಿಶ್ಚಯಿಸಿದಾಗ ನನ್ನ ಪಾಲಿಗೆ ಎರಡು ಕೆಲಸಗಳು ಬಂದವು: ದುರ್ಯೋಧನನು ಅಡಗಿ ಕೂರುವ ವೈಶಂಪಾಯನ ಸರೋವರವನ್ನು ರಂಗದ ಮೇಲೆ ಕಟ್ಟುವುದು, ಮತ್ತು ಬಾಡಿಗೆಗೆ ತಂದಿದ್ದ ಗದೆಗಳು ಏಳು ನಿಮಿಷದ ಕಾಳಗವನ್ನು ತಾಳಿಕೊಳ್ಳುವಂತೆ ದುರಸ್ತಿ ಮಾಡುವುದು. ನಾನು ಸಾಲಗಾಮೆ ರಸ್ತೆಯಲ್ಲಿ ಮೋಟಾರು ವೈಂಡಿಂಗ್ ಮಳಿಗೆ ಇಟ್ಟುಕೊಂಡಿರುವವನು. ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತದ್ದು ಒಮ್ಮೆ ಮಾತ್ರ, ಅದೂ ಮಾತಿಲ್ಲದ ದ್ವಾರಪಾಲಕನಾಗಿ. ಈ ಎರಡು ಕೆಲಸಗಳಿಗೂ ಒಂದಕ್ಕೊಂದು ಸಂಬಂಧವಿಲ್ಲವೆಂದೇ ತಿಳಿದಿದ್ದೆ. ಎರಡೂ ಒಂದೇ ಕೆಲಸವೆಂದು ಅರ್ಥವಾಗುವ ಹೊತ್ತಿಗೆ ಪ್ರದರ್ಶನಕ್ಕೆ ಹದಿನೈದು ದಿನ ಉಳಿದಿತ್ತು. ಮಳಿಗೆಯ ಕೆಲಸದ ಪುಸ್ತಕದಲ್ಲಿ ಆಗಾಗ ಗೀಚಿಟ್ಟುಕೊಂಡಿದ್ದನ್ನು ಇಲ್ಲಿ ತಿದ್ದಿ ಬರೆದಿದ್ದೇನೆ.

ಮೊದಲು ಬಾಡಿಗೆ ಗದೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ಪೌರಾಣಿಕ ನಾಟಕಕ್ಕೆ ಬರವಿಲ್ಲ. ಊರೂರಲ್ಲಿ ‘ಕುರುಕ್ಷೇತ್ರ’ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾತ್ರಧಾರಿಗಳು ತಮ್ಮ ಪಾತ್ರಕ್ಕೆ ತಾವೇ ಹಣ ಹಾಕುತ್ತಾರೆ, ಸೀನರಿ, ಕಿರೀಟ, ಭುಜಕೀರ್ತಿ, ಗದೆ ಎಲ್ಲವೂ ಬಾಡಿಗೆಯ ಮೇಲೆ ಬಂದು ಬೆಳಗಾಗುವಷ್ಟರಲ್ಲಿ ಹಿಂತಿರುಗುತ್ತವೆ. ಅಲ್ಲಿ ಗದೆ ಇರುವುದು ಹೆಗಲಿಗೇರಿಸಿಕೊಂಡು ಹಾಡುವುದಕ್ಕೆ. ಎರಡು ಏಟು ತಗುಲಿಸಿದಂತೆ ಮಾಡಿದರೆ ಪರದೆ ಬೀಳುತ್ತದೆ, ವನ್ಸ್‌ಮೋರ್ ಬೀಳುವುದು ಹಾಡಿಗೆ. ಹಾಗಾಗಿ ಅಂಥ ಗದೆಯನ್ನು ದೂರುವಂತಿಲ್ಲ. ನಾವು ಅದರಿಂದ ಕೇಳಿದ ಕೆಲಸವೇ ಬೇರೆಯಾಗಿತ್ತು.

38 ದಿನ ಉಳಿದಾಗ

ತಾಲೀಮಿನಲ್ಲಿ ಭೀಮನ ಗದೆಯ ತಲೆ ಹಿಡಿಯಿಂದ ಕಳಚಿಕೊಂಡು ಹಾರಿ, ಮೂಲೆಯಲ್ಲಿಟ್ಟಿದ್ದ ಹಾರ್ಮೋನಿಯಂ ಪೆಟ್ಟಿಗೆಗೆ ಬಡಿಯಿತು. ಎತ್ತಿ ನೋಡಿದಾಗ ಒಳಗಿನ ಗುಟ್ಟು ಬಯಲಾಯಿತು: ತಗಡಿನ ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಬೆಸುಗೆ ಹಾಕಿ, ನಡುವೆ ಬಿದಿರಿನ ಕೋಲು ತೂರಿಸಿ, ಎರಡು ಮೊಳೆ ಹೊಡೆದಿದ್ದರು. ಬಿದಿರಿಗೆ ರಂಧ್ರ ಕೊರೆಯದೆ ನೇರವಾಗಿ ಮೊಳೆ ಹೊಡೆದರೆ ಅದು ಉದ್ದಕ್ಕೆ ಸೀಳುತ್ತದೆ. ಇಲ್ಲಿ ಆದದ್ದೂ ಅದೇ. ಸೀಳಿದ ತುದಿಯನ್ನು ಗೆಣ್ಣಿನವರೆಗೆ ಕತ್ತರಿಸಿ, ಬೈರಿಗೆಯಿಂದ ರಂಧ್ರ ಕೊರೆದು ಬೋಲ್ಟು ಹಾಕಿ, ಮೇಲೆ ಮೋಟಾರಿನ ಸುರುಳಿಗೆ ಕಟ್ಟುವ ಕಾಟನ್ ಟೇಪನ್ನು ಬಿಗಿಯಾಗಿ ಸುತ್ತಿ ವೈಂಡಿಂಗ್ ವಾರ್ನಿಷ್ ಕುಡಿಸಿದೆ. ಒಣಗಿದ ಮೇಲೆ ಆ ಕಟ್ಟು ಕಲ್ಲಿನಂತಾಯಿತು. ಆದರೆ ಮೂರನೆಯ ದಿನ ತಗಡಿನ ಬೆಸುಗೆಯೇ ಬಾಯಿಬಿಟ್ಟಿತು. ಇದು ದುರಸ್ತಿಯಲ್ಲಿ ಮುಗಿಯುವ ಮಾತಲ್ಲವೆಂದು ನಿರ್ದೇಶಕಿಯವರಿಗೆ ತಿಳಿಸಿ, ತಗಡನ್ನು ಮತ್ತೆ ಬೆಸೆದು ಗದೆಗಳನ್ನು ಬಾಡಿಗೆಯವರಿಗೆ ಮುಟ್ಟಿಸಿದೆ.

36 ದಿನ

ನಮ್ಮ ದುರ್ಯೋಧನರು ನಿವೃತ್ತ ಶಾಲಾ ಶಿಕ್ಷಕರು; ತಂಡದಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. ಆ ಸಂಜೆ ಅವರು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಒಂದು ಗದೆಯನ್ನು ತಂದರು. ಹಲಸಿನ ಮರದ ಒಂದೇ ತುಂಡಿನಿಂದ ಕಡೆಸಿದ್ದು, 34 ಅಂಗುಲ ಉದ್ದ, ತಲೆ ಕುಂಬಳಕಾಯಿಯಷ್ಟು ದುಂಡಗೆ. ತಾಮ್ರದ ತಂತಿ ತೂಗುವ ನನ್ನ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದರೆ 4 ಕಿಲೋ 250 ಗ್ರಾಂ ತೋರಿಸಿತು.

“ಹನ್ನೊಂದು ಅಕ್ಷೋಹಿಣಿ ಹೋಗಿದೆ, ತಮ್ಮಂದಿರು ಹೋಗಿದಾರೆ, ಕರ್ಣ ಹೋಗಿದಾನೆ. ಕೈಯಲ್ಲಿ ಉಳಿದಿರೋದು ಇದೊಂದೇ ಕಣಪ್ಪ. ಇದಕ್ಕೂ ತೂಕ ಇಲ್ಲ ಅಂದ್ರೆ ನಾನು ಹೇಗೆ ನಡೀಲಿ?” ಎಂದರು ಮೇಷ್ಟ್ರು.

“ನೀವು ನಡೀರಿ ಮೇಷ್ಟ್ರೇ, ಬೇಡ ಅನ್ನಲ್ಲ. ಆದ್ರೆ ಅದನ್ನ ಬೀಸ್ತೀರಲ್ಲ, ಎದುರಿಗೆ ನಿಂತ್ಕೊಳೋನು ನಾನು” ಎಂದರು ಭೀಮ. ಅವರು ಕಾಫಿ ಕ್ಯೂರಿಂಗ್ ಕೆಲಸದವರು, ಐವತ್ತು ಕಿಲೋ ಮೂಟೆಯನ್ನು ನಗುತ್ತಾ ಎತ್ತುವವರು. ತೂಕಕ್ಕೆ ಹೆದರುವ ಆಳಲ್ಲ. ತೂಕ ಬೀಸಿಗೆ ಸಿಕ್ಕಿದರೆ ಏನಾಗುತ್ತದೆಂದು ಬಲ್ಲವರಾದ್ದರಿಂದಲೇ ಹೆದರಿದರು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ನಾಟಕ ಯಾರದು ಎಂಬ ಹಳೆಯ ಜಗಳ ಗದೆಯ ನೆಪದಲ್ಲಿ ಹೊರಬಂತು. ರನ್ನನ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರೇ ಇದೆ, ಕವಿ ತನ್ನ ದೊರೆ ಸತ್ಯಾಶ್ರಯನನ್ನು ಸಮೀಕರಿಸಿದ್ದು ಭೀಮನೊಂದಿಗೆ, ಆದ್ದರಿಂದ ಕಾಳಗ ಹೇಗಿರಬೇಕೆಂದು ಹೇಳುವ ಹಕ್ಕು ತನಗಿದೆ ಎಂಬುದು ಭೀಮನ ವಾದ. ಚಂಪುವಿನಲ್ಲಿ ಯಾರು ನಾಯಕನಾದರೂ ಆಗಲಿ, ಬಿ.ಎಂ.ಶ್ರೀಯವರು ಅದರಿಂದ ರುದ್ರನಾಟಕವನ್ನು ಬಿಡಿಸಿ ತೆಗೆದಾಗ ಉಳಿದದ್ದು ಬೀಳುವವನ ಕಥೆ, ಬೀಳುವವನು ತಾನು ಎಂಬುದು ಮೇಷ್ಟ್ರ ಉತ್ತರ. ಭೀಮನವರು ಚಪ್ಪಲಿ ಮೆಟ್ಟಿಕೊಂಡು ಹೊರಟವರು ಒಂಬತ್ತು ದಿನ ತಾಲೀಮಿಗೆ ಬರಲಿಲ್ಲ. ನಿರ್ದೇಶಕಿ ಬೇಸತ್ತು, ಗದೆಯೇ ಬೇಡ, ಬರಿಗೈಯಲ್ಲಿ ಅಭಿನಯಿಸಿ ತೋರಿಸಿದರೆ ಸಾಕು ಎಂದು ಇಬ್ಬರಿಗೂ ಹೇಳಿ ಕಳುಹಿಸಿದರು. ಇಬ್ಬರೂ ಒಟ್ಟಿಗೆ ವಿರೋಧಿಸಿದರು. ಆ ತಿಂಗಳಲ್ಲಿ ಅವರಿಬ್ಬರಿಗೆ ಒಮ್ಮತವಿದ್ದ ಸಂಗತಿ ಅದೊಂದೇ.

33 ದಿನ

ಗದೆಯ ಮಾತು ಇತ್ಯರ್ಥವಾಗುವವರೆಗೆ ಸರೋವರವನ್ನು ಹಿಡಿದೆ. ಪ್ರದರ್ಶನ ಹಾಸನಾಂಬ ಕಲಾಕ್ಷೇತ್ರದಲ್ಲಿ. ಅಲ್ಲಿನ ರಂಗದ ನೆಲವನ್ನು ನಾವು ಕೊರೆಯುವಂತಿಲ್ಲ. ಆದ್ದರಿಂದ ನೆಲದ ಮೇಲೆ ಇನ್ನೊಂದು ನೆಲವನ್ನೇ ಕಟ್ಟಿ, ಅದರಲ್ಲಿ ಗುಂಡಿ ಬಿಡಬೇಕಾಯಿತು. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಅಟ್ಟಣೆ; ನಡುವೆ ಮೂರು ಅಡಿ ಚೌಕದ ಬಾಯಿ. ಮರದ ಕೆಲಸ ನಮ್ಮ ಬೀದಿಯ ಆಚಾರ್ರದು. ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ನಮ್ಮಲ್ಲಿ ಅಗ್ಗಕ್ಕೆ ಸಿಗುತ್ತದೆ, ಹಗುರವೂ ಹೌದು. ಕಾಲು ಮತ್ತು ತೊಲೆಗಳನ್ನು ಅದರಿಂದಲೇ ಮಾಡಿ, ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಾಸಿದೆವು. ಬಿಚ್ಚಿ ಗೂಡ್ಸ್ ಆಟೋದಲ್ಲಿ ಸಾಗಿಸಬೇಕಾದ್ದರಿಂದ ಮೊಳೆ ಎಲ್ಲಿಯೂ ಇಲ್ಲ, ಎಲ್ಲವೂ ಬೋಲ್ಟು.

ಮೊದಲ ಸಲ ನಾಲ್ವರು ಹತ್ತಿ ನಿಂತಾಗ ಅಟ್ಟಣೆ ತೊಟ್ಟಿಲಿನಂತೆ ತೂಗಿತು. ಕಾಲುಗಳು ನೆಟ್ಟಗಿವೆ, ರಸಮಟ್ಟದ ಗುಳ್ಳೆ ನಡುವಿನಲ್ಲಿಯೇ ಇದೆ, ಆದರೂ ತೂಗುತ್ತದೆ. ಆಚಾರ್ರು ನೋಡಿದ ಕೂಡಲೆ, “ಚೌಕ ಅಂದ್ರೆ ಬರೀ ಮಾತು ಸ್ವಾಮಿ, ತ್ರಿಕೋಣ ಮಾಡ್ದೆ ನಿಲ್ಲಲ್ಲ” ಎಂದು ನಾಲ್ಕೂ ಪಕ್ಕಕ್ಕೆ ಓರೆ ಪಟ್ಟಿ ಕೊಟ್ಟರು. ತೂಗಾಟ ಅಲ್ಲಿಗೆ ನಿಂತಿತು. ಹೆಜ್ಜೆಯಿಟ್ಟಾಗ ಪ್ಲೈವುಡ್ ಮತ್ತು ತೊಲೆಯ ನಡುವೆ ಬರುತ್ತಿದ್ದ ಕಿರಿಕಿರಿಗೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ತೊಲೆಯ ಮೇಲೆ ಅಂಟಿಸಿದೆ. ಭೀಷ್ಮನು ಕುರುಪತಿಗೆ ಜಲಮಂತ್ರವನ್ನು ಉಪದೇಶಿಸಿ ಕಳುಹಿಸಿದ ಮೇಲೆ ರಂಗದ ಮೇಲೆ ದೀರ್ಘ ಮೌನವಿದೆ; ಆ ಮೌನದಲ್ಲಿ ಸರೋವರವೇ ಕಿರುಗುಟ್ಟಿದರೆ ಕಷ್ಟ.

ನೀರಿನ ಮೇಲ್ಮೈಗೆ ಸ್ಯಾಟಿನ್ ತರೋಣವೆಂದು ಹಲವರು ಹೇಳಿದರು. ರಣಭೂಮಿಯ ದೃಶ್ಯದಲ್ಲಿ ಎರಡು ನಿಜವಾದ ಪಂಜುಗಳಿರುವುದರಿಂದ ನಾನು ಒಪ್ಪಲಿಲ್ಲ. ಪಾಲಿಯೆಸ್ಟರ್ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತಿಯ ಮಲ್ ಬಟ್ಟೆಗೆ ನೀಲಿ ಹಾಕಿಸಿ, ಏಳು ಪಾಲು ಬೋರಾಕ್ಸ್‌ಗೆ ಮೂರು ಪಾಲು ಬೋರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ ಒಣಗಿಸಿದೆ. ಹಾಗೆ ಮಾಡಿದ ಹತ್ತಿ ಕಪ್ಪಾಗುತ್ತದೆಯೇ ಹೊರತು ಹೊತ್ತಿ ಉರಿಯುವುದಿಲ್ಲ. ಒಮ್ಮೆ ಒಗೆದರೆ ಈ ಗುಣ ಹೋಗುತ್ತದೆ ಎಂಬುದನ್ನು ನೆನಪಿಡಬೇಕು. ಬಟ್ಟೆಯನ್ನು ನಾಲ್ಕು ಅಂಗುಲದ ಪಟ್ಟಿಗಳಾಗಿ ಸೀಳಿ, ಎರಡೂ ತುದಿಗೆ ಎಲಾಸ್ಟಿಕ್ ಹೊಲಿದು, ಒಂದರ ಮೇಲೊಂದು ಒಂದಂಗುಲ ಹಾಯುವಂತೆ ಬಾಯಿಗೆ ಅಡ್ಡಲಾಗಿ ಎಳೆದು ಕಟ್ಟಿದೆವು. ಮನುಷ್ಯ ಇಳಿದರೆ ಪಟ್ಟಿಗಳು ಬಿಟ್ಟುಕೊಟ್ಟು ಮತ್ತೆ ಮುಚ್ಚಿಕೊಳ್ಳುತ್ತವೆ. ಹಿಂದಿನ ಬಿಳಿ ಪರದೆಯ ಮೇಲೆ ಅಲೆ ಕಾಣಿಸುವುದಕ್ಕೆ ಹಳೆಯ ಉಪಾಯವೇ ಸಾಕು: ಅಟ್ಟಣೆಯ ಹಿಂದೆ ಅಗಲವಾದ ತಟ್ಟೆಯಲ್ಲಿ ನೀರು, ತಳದಲ್ಲಿ ಕನ್ನಡಿಯ ಚೂರುಗಳು, ಅದಕ್ಕೆ ಓರೆಯಾಗಿ ಒಂದು ದೀಪ, ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿದರೆ ಪರದೆಯ ತುಂಬ ನೀರು ಅಲುಗುತ್ತದೆ. ನೀರೂ ವಿದ್ಯುತ್ತೂ ಒಟ್ಟಿಗಿರುವ ಜಾಗವಾದ್ದರಿಂದ ಆ ಎಲ್‌ಇಡಿ ದೀಪ 12 ವೋಲ್ಟಿನದು. ಅದಕ್ಕೆ ಕರೆಂಟು ಕೊಡುವ ತಂತಿಗೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಬೀಳುವ ಆರ್‌ಸಿಸಿಬಿ ಹಾಕಿದ್ದೇನೆ. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು, ಅವರ ಮುಂದೆ ನಮ್ಮ ತಟ್ಟೆ ನೀರು ಏನೂ ಅಲ್ಲ. ಆದರೂ ಮೊದಲ ಸಲ ಅಲೆ ಮೂಡಿದ ಸಂಜೆ ತಂಡದವರು ಸ್ವಲ್ಪ ಹೊತ್ತು ಜಗಳ ಮರೆತು ನೋಡುತ್ತಾ ನಿಂತರು.

27 ದಿನ

ಭೀಮನವರು ಹಿಂತಿರುಗಿದರು. ಹಗುರವಾದ ಗದೆ ಮಾಡಿಕೊಡುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ, ಆ ಮಾತಿನ ಮೇಲೆ ಬಂದದ್ದು.

ಮೊದಲ ಪ್ರಯತ್ನ ಥರ್ಮೋಕೋಲ್. ದಪ್ಪ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತುವ ಯೋಚನೆ. ಮಳಿಗೆಯಲ್ಲಿದ್ದ ಹಳದಿ ರಬ್ಬರ್ ಅಂಟನ್ನು ಧಾರಾಳವಾಗಿ ಹಚ್ಚಿ ಊಟಕ್ಕೆ ಹೋದೆ. ಬಂದು ನೋಡುವಾಗ ಅಂಟು ಥರ್ಮೋಕೋಲನ್ನು ತಿಂದು, ಜೇನುಹುಟ್ಟಿನಂಥ ಒಂದು ಮುದ್ದೆ ಉಳಿದಿತ್ತು. ಆ ಅಂಟಿನಲ್ಲಿರುವ ದ್ರಾವಕಕ್ಕೆ ಥರ್ಮೋಕೋಲ್ ಕರಗುತ್ತದೆಂದು ವಾರ್ನಿಷಿನೊಡನೆ ಬದುಕುವ ನನಗೆ ಹೊಳೆಯಬೇಕಿತ್ತು.

ಎರಡನೆಯದು ಕಾಗದ. ರಬ್ಬರ್ ಚೆಂಡಿನ ಮೇಲೆ ಮೈದಾ ಅಂಟಿನಿಂದ ಹನ್ನೆರಡು ಪದರ ಪತ್ರಿಕೆಯ ಚೂರು, ಹುಳ ಹಿಡಿಯದಂತೆ ಅಂಟಿಗೆ ಚಿಟಿಕೆ ಮೈಲುತುತ್ತ. ಕ್ರಮವೆಲ್ಲ ಸರಿ, ಕಾಲ ಸರಿಯಿರಲಿಲ್ಲ. ಆಷಾಢದ ಜಡಿಮಳೆಯಲ್ಲಿ ನಾಲ್ಕು ದಿನವಾದರೂ ಅದು ಒಣಗಲಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗದಲ್ಲಿ ನೇತುಹಾಕಿದೆ. ಒಣಗಿತು, ಜೊತೆಗೆ ಹೊಗೆ ಕುಡಿದು ಹುರಿಗಾಳಿನ ವಾಸನೆಯನ್ನು ಶಾಶ್ವತವಾಗಿ ಪಡೆಯಿತು. ತಾಲೀಮಿನಲ್ಲಿ ಗದೆಗೆ ಗದೆ ತಾಗಿದ ಮೂರನೆಯ ಏಟಿಗೆ ತೆಂಗಿನ ಚಿಪ್ಪಿನಂತೆ ಒಡೆಯಿತು. ಗಟ್ಟಿಯಾದದ್ದು ಒಡೆಯುತ್ತದೆ, ಬಳುಕುವಂಥದ್ದು ಬೇಕು ಎಂಬುದು ಆಗ ಸ್ಪಷ್ಟವಾಯಿತು.

22 ದಿನ

ಭಾನುವಾರ ನಿರ್ದೇಶಕಿಯವರ ಒತ್ತಾಯಕ್ಕೆ ಬೇಲೂರಿಗೆ ಹೋದೆವು. ಕುಂಬಳಕಾಯಿ ಗದೆ ಕ್ಯಾಲೆಂಡರಿನದು, ಕಲ್ಲಿನ ಗದೆ ನೋಡಿ ಬನ್ನಿ ಎಂದು ಅವರು ಬಹಳ ದಿನಗಳಿಂದ ಹೇಳುತ್ತಿದ್ದರು. ಹೇಳಿದ್ದು ನಿಜ. 1117ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದ ಗೋಡೆಯಲ್ಲಿ ವಿಷ್ಣುವಿನ ಕೈಯಲ್ಲಿರುವ ಗದೆ ದುಂಡಗಿಲ್ಲ. ಹಿಡಿಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಉಬ್ಬುತ್ತಾ ಹೋಗಿ, ಉದ್ದಕ್ಕೆ ಏಣುಗಳಿದ್ದು, ನಡುನಡುವೆ ಬಳೆಯಂಥ ಕಟ್ಟುಗಳಿವೆ. ಏಣು ಎಂದರೆ ಕಡ್ಡಿ, ಬಳೆ ಎಂದರೆ ಕಟ್ಟು. ಅದನ್ನು ನೋಡುತ್ತಾ ನಿಂತಾಗ ನನಗೆ ಕಂಡದ್ದು ಬೆತ್ತದ ಬುಟ್ಟಿ.

ಮೇದರ ಕೆಲಸದ ಹಿರಿಯರೊಬ್ಬರು ಬೆತ್ತವನ್ನು ಇಡೀ ರಾತ್ರಿ ನೀರಿನಲ್ಲಿ ನೆನೆಸಿ, ಕೆಂಡದ ಕಾವಿಗೆ ಹಿಡಿದು ಬಗ್ಗಿಸುವುದನ್ನು ಕೈಹಿಡಿದು ತೋರಿಸಿಕೊಟ್ಟರು. ಅವಸರ ಮಾಡಿದರೆ ಹೊರಮೈಯ ಹೊಳಪು ಬಿರಿಯುತ್ತದೆ. ಬೆತ್ತ ಕೈಗೆ ಮೆತ್ತಗಾದಂತೆ ಅನಿಸಿದ ಮೇಲೆಯೇ ಬಗ್ಗಿಸಬೇಕು. ನಡುವೆ ಒಂದಂಗುಲದ ಪಿವಿಸಿ ಪೈಪು, ಅದರ ಮೇಲ್ಭಾಗದೊಳಗೆ ಬಿಗಿಯಾಗಿ ಕೂರುವ ಬೆತ್ತದ ಕೋಲು. ಪೈಪಿಗೆ ತೂರಿಸಿದ ಮೂರು ಪ್ಲೈವುಡ್ ಬಿಲ್ಲೆಗಳು. ಬಿಲ್ಲೆಗಳ ಅಂಚಿನ ಕಚ್ಚುಗಳಲ್ಲಿ ಕೂರುವ ಎಂಟು ಬೆತ್ತದ ಕಡ್ಡಿಗಳು. ಕೂಡುವ ಜಾಗಗಳಿಗೆಲ್ಲ ಕಾಟನ್ ಟೇಪು ಮತ್ತು ವಾರ್ನಿಷ್. ಅದರ ಮೇಲೆ ಗೋಣಿಬಟ್ಟೆ, ಸುಣ್ಣ ಬೆರೆಸಿದ ಫೆವಿಕಾಲ್, ಉಪ್ಪುಕಾಗದದ ತೀಟು, ಕಡೆಗೆ ಹಿತ್ತಾಳೆ ಬಣ್ಣ ಹಾಗೂ ಬಳೆಗಳಿಗೆ ಬೇಗಡೆ. ಗದೆಗೆ ಗದೆ ಬಡಿದಾಗ ಕಡ್ಡಿಗಳು ಒಳಕ್ಕೆ ಬಳುಕಿ ಮತ್ತೆ ಬರುತ್ತವೆ. ಒಂದು ಗದೆ 930 ಗ್ರಾಂ, ಇನ್ನೊಂದು 950.

ಭೀಮನವರು ಕೈಗೆತ್ತಿಕೊಂಡು ತಿರುಗಿಸಿ ಸಂತೋಷಪಟ್ಟರು. ಮೇಷ್ಟ್ರು ಎತ್ತಿ, ಕೆಳಗಿಟ್ಟು, “ಇದು ಪೊರಕೆ” ಎಂದರು.

15 ದಿನ

ಪರಿಹಾರ ಹೊಳೆದದ್ದು ಅಟ್ಟಣೆಯ ಕೆಳಗೆ ಕುಳಿತು ಬೋಲ್ಟು ಬಿಗಿಯುವಾಗ. ಮೇಷ್ಟ್ರಿಗೆ ತೂಕ ಬೇಕಾಗಿರುವುದು ಸಂಜಯನೊಡನೆ ರಣಭೂಮಿಯಲ್ಲಿ ನಡೆಯುವಾಗ, ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಕರ್ಣ ಇವರ ಕಳೇಬರಗಳ ಮುಂದೆ ನಿಲ್ಲುವಾಗ. ಭೀಮನವರಿಗೆ ಹಗುರ ಬೇಕಾಗಿರುವುದು ಕಾಳಗದಲ್ಲಿ. ಎರಡರ ನಡುವೆ ದುರ್ಯೋಧನ ನೀರಿಗೆ ಇಳಿಯುತ್ತಾನೆ. ಭಾರದ ಗದೆ ಹಿಡಿದು ಮುಳುಗಿ, ಹಗುರದ ಗದೆ ಹಿಡಿದು ಎದ್ದರೆ ಸರಿ. ಬದಲಾಯಿಸಿ ಕೊಡಲು ನೀರಿನ ಕೆಳಗೆ ಒಬ್ಬ ಬೇಕು, ಅವನು ನಾನು.

ಆದರೆ ಎರಡೂ ಒಂದೇ ರೂಪದಲ್ಲಿರಬೇಕಲ್ಲ. ಮೇಷ್ಟ್ರ ಕುಂಬಳಕಾಯಿಯನ್ನು ಲೇಥಿಗೆ ಹಾಕಿ ಬೇಲೂರಿನ ಆಕಾರಕ್ಕೆ ಇಳಿಸಬೇಕಾಯಿತು. ಅವರು ಎರಡು ದಿನ ಒಪ್ಪಲಿಲ್ಲ. ಒಪ್ಪಿದ ಮೇಲೆ ಆಚಾರ್ರ ಕೊಟ್ಟಿಗೆಯಲ್ಲಿ ಸ್ಟೂಲು ಹಾಕಿಕೊಂಡು, ಉಳಿಯಿಂದ ಏಳುವ ಹಲಸಿನ ಹಳದಿ ಹೊಟ್ಟು ಮಡಿಲಿಗೆ ಬೀಳುತ್ತಿದ್ದರೂ ಕದಲದೆ ಕಡೆಯವರೆಗೆ ಕುಳಿತರು. ಮುಗಿದ ಮೇಲೆ ತಾವೇ ತೂಗಿದರು: 3 ಕಿಲೋ 600. “ಆರ್ನೂರೈವತ್ತು ಗ್ರಾಂ ರಾಜ್ಯ ಹೋಯ್ತು ಆಚಾರ್ರೇ” ಎಂದರು. ಆಚಾರ್ರು ಉಳಿಯನ್ನು ಒರೆಸುತ್ತಾ, “ಉಳಿದಿದ್ದನ್ನ ಜೋಪಾನ ಮಾಡಿ” ಎಂದರು.

ಕತ್ತಲಲ್ಲಿ ಗುರುತು ಸಿಗಲೆಂದು ಭಾರದ ಗದೆಯ ಹಿಡಿಯ ಬುಡಕ್ಕೆ ಮೂರು ಸುತ್ತು ದಾರ ಸುತ್ತಿದೆ. ದಾರ ಸಾಲದೆಂದು ಆಮೇಲೆ ಗೊತ್ತಾಯಿತು.

9 ದಿನ

ಸದ್ದಿನ ಕೆಲಸವೂ ನನ್ನ ತಲೆಗೇ ಬಂತು, ಹೇಗೂ ಕೆಳಗೆ ಕುಳಿತಿರುತ್ತೇನೆಂದು. ಗದೆಯ ಏಟಿಗೆ ತಮಟೆ ಬದಿಯಿಂದ ಬರುತ್ತದೆ. ತೊಡೆ ಮುರಿಯುವ ಸದ್ದು ಮಾತ್ರ ನೆಲದಿಂದಲೇ ಬರಬೇಕೆಂದು ನಿರ್ದೇಶಕಿಯವರ ಆಸೆ. ಎರಡು ತೆಳು ಹಲಗೆಗಳನ್ನು ಒಂದು ತುದಿಯಲ್ಲಿ ಸೇರಿಸಿ, ನಡುವೆ ಒಣಗಿದ ಅಡಿಕೆ ಹಾಳೆಯ ತುಂಡಿಟ್ಟು ಬಡಿದರೆ ಹಲಗೆಯ ಚಟಾರೂ ಹಾಳೆಯ ಬಿರಿತವೂ ಕೂಡಿ ಮೈ ಜುಮ್ಮೆನ್ನುವ ಸದ್ದು ಬರುತ್ತದೆ. ಹಾಳೆ ಪ್ರತಿ ಸಲವೂ ಹೊಸದಾಗಿರಬೇಕು.

ಆ ದಿನ ಕೃಷ್ಣನು ಭೀಮನಿಗೆ ಸನ್ನೆ ಮಾಡಲೆಂದು ತನ್ನ ತೊಡೆಯನ್ನು ತಟ್ಟಿದ. ಕೃಷ್ಣನ ಕೈ ಸ್ವಲ್ಪ ಜೋರು. ಕೆಳಗೆ ಏನೂ ಕಾಣದೆ ಕುಳಿತಿದ್ದ ನಾನು ಅದನ್ನೇ ಏಟೆಂದು ತಿಳಿದು ಹಲಗೆ ಬಡಿದೆ. ದುರ್ಯೋಧನನ ತೊಡೆ ಮುರಿದ ಸದ್ದು ಸಭಾಂಗಣವೆಲ್ಲ ತುಂಬಿತು. ಭೀಮನ ಗದೆ ಇನ್ನೂ ಹೆಗಲ ಮೇಲೆಯೇ ಇತ್ತು. ಮೇಷ್ಟ್ರು ತಮ್ಮ ಎರಡೂ ತೊಡೆಗಳನ್ನು ಒಂದೊಂದಾಗಿ ನೋಡಿಕೊಂಡರಂತೆ. ಅಂದಿನಿಂದ ಸೂಚನೆ ಕಿವಿಗಲ್ಲ, ಬೆನ್ನಿಗೆ: ಏಟು ಬೀಳುವ ಕ್ಷಣಕ್ಕೆ ಮೇಷ್ಟ್ರು ಎಡ ಹಿಮ್ಮಡಿಯನ್ನು ಅಟ್ಟಣೆಗೆ ಒದೆಯುತ್ತಾರೆ, ನಾನು ಆ ತೊಲೆಗೆ ಬೆನ್ನು ಕೊಟ್ಟು ಕುಳಿತಿರುತ್ತೇನೆ.

ಅದೇ ಸಂಜೆ ಮೇಷ್ಟ್ರು ನೀರಿನಿಂದ ಏಳುವಾಗ ಕಿರೀಟದ ಮೊನೆಗೆ ಎರಡು ಪಟ್ಟಿ ಸಿಕ್ಕಿಕೊಂಡು, ಮುಖದ ಮೇಲೆ ನೀಲಿ ಮುಸುಕು ಹೊದ್ದು ಮೇಲೆ ಬಂದರು. ಮೊನೆಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಿದೆ. ತಲೆಗಿಂತ ಮೊದಲು ಗದೆಯ ತುದಿಯೇ ಪಟ್ಟಿಗಳನ್ನು ಬಿಡಿಸುವಂತೆ ಏಳುವ ಕ್ರಮವನ್ನೂ ಬದಲಾಯಿಸಿದೆವು. ನೋಡುವುದಕ್ಕೂ ಅದೇ ಚೆನ್ನಾಗಿತ್ತು.

4 ದಿನ

ಪೂರ್ಣ ವೇಷದ ತಾಲೀಮು. ಅಟ್ಟಣೆಯ ಕೆಳಗೆ ಎರಡೂವರೆ ಅಡಿಯಲ್ಲಿ ಇಬ್ಬರು, ಒಬ್ಬರಿಗೆ ಕಿರೀಟ, ಕವಚ, ಜರಿಯಂಚಿನ ಉತ್ತರೀಯ. ಕಂಪ್ಯೂಟರಿನ ಎರಡು ಸಣ್ಣ ಫ್ಯಾನು ಇಟ್ಟಿದ್ದೆ, ಸದ್ದು ಮಾಡುತ್ತವೆಂದು ನಿರ್ದೇಶಕಿ ಒಂದನ್ನು ತೆಗೆಸಿದ್ದರು. ಮೇಲೆ ಭೀಮನ ಗರ್ಜನೆ ಶುರುವಾಯಿತು. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ ಎಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ ಆ ಮಾತಿನ ಅರ್ಥ ಆಗ ಅಂಗೈಯಲ್ಲಿಯೇ ಇತ್ತು. ಬೆವರಿಗೆ ಕೈ ಜಾರುತ್ತಿತ್ತು, ದಾರ ಯಾವುದು ಬೇಗಡೆಯ ಅಂಚು ಯಾವುದು ಎಂದು ಬೆರಳಿಗೆ ತಿಳಿಯಲಿಲ್ಲ. ಕೊಟ್ಟೆ. ಮೇಷ್ಟ್ರು ಎದ್ದರು. ಎದ್ದ ಮೇಲೆ ನನ್ನ ಕೈಯಲ್ಲಿ ಉಳಿದದ್ದು ಹಗುರದ ಗದೆ.

ಕೂಗೋಣವೆಂದುಕೊಂಡೆ, ಬಾಯಿ ಬರಲಿಲ್ಲ. ಪಟ್ಟಿಗಳ ಸಂದಿಯಿಂದ ಕಾಣುತ್ತಿದ್ದದ್ದು ನಾಲ್ಕು ಪಾದಗಳು ಮಾತ್ರ. ಮೇಷ್ಟ್ರಿಗೆ ಎತ್ತಿದ ಕೂಡಲೇ ಗೊತ್ತಾಗಿದೆ. ಭೀಮನವರಿಗೆ ಮೇಷ್ಟ್ರ ತೋಳಿನ ನರ ನೋಡಿ ಗೊತ್ತಾಗಿದೆ. ಇಬ್ಬರೂ ನಿಲ್ಲಿಸಲಿಲ್ಲ. ಆ ಪಾದಗಳು ಒಂದನ್ನೊಂದು ಅಳೆಯುತ್ತಾ ಸುತ್ತಿದ ರೀತಿ, ಒಂದು ಬೀಸಿನ ಮೊದಲು ಇಡೀ ಮೈಯ ತೂಕ ಹಿಂದಿನ ಕಾಲಿಗೆ ಹೋಗಿ ನಿಧಾನವಾಗಿ ಮುಂದಕ್ಕೆ ಬಂದ ರೀತಿ, ಅದು ಹಿಂದಿನ ಯಾವ ತಾಲೀಮಿನಲ್ಲಿಯೂ ಇರಲಿಲ್ಲ. ಮೇಷ್ಟ್ರು ಪ್ರತಿ ಏಟನ್ನೂ ಎರಡು ಮೊಳ ಮೊದಲೇ ತಡೆದು ನಿಲ್ಲಿಸಿದರು. ದೃಶ್ಯ ಮುಗಿದಾಗ ನಿರ್ದೇಶಕಿ ಸಭಾಂಗಣದಿಂದ, “ಒಂದು ತಿಂಗಳಿಂದ ನಾನು ಕೇಳ್ತಾ ಇದ್ದದ್ದು ಇದೇ ಅಲ್ವಾ” ಎಂದರು. ನಡೆದದ್ದನ್ನು ನಾನು ಹೇಳಿದ ಮೇಲೆ ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಭೀಮನವರು ನನ್ನನ್ನು ಬೈಯಲಿಲ್ಲ. ಒಂದು ಲೋಟ ನೀರು ಕುಡಿದು, ಮತ್ತೊಂದು ಲೋಟ ಕುಡಿದು, ಮನೆಗೆ ಹೋದರು.

3 ದಿನ

ರಾತ್ರಿ ನಿದ್ದೆ ಬರಲಿಲ್ಲ. ಮೇಷ್ಟ್ರು ಕೇಳುತ್ತಿದ್ದದ್ದು ಸರಿ, ತೂಕವಿಲ್ಲದೆ ಕಾಳಗವಿಲ್ಲ. ಆದರೆ ಆ ತೂಕ ಎಲ್ಲಿರಬೇಕೆಂದು ನಾವು ಯಾರೂ ಕೇಳಿಕೊಂಡಿರಲಿಲ್ಲ. ಮೋಟಾರಿನ ರೋಟರಿಗೆ ಬ್ಯಾಲೆನ್ಸ್ ಮಾಡುವಾಗ ದಿನವೂ ಕಾಣುವ ಸಂಗತಿ ಇದು: ತಿರುಗುವ ವಸ್ತುವಿನಲ್ಲಿ ಭಾರ ಎಷ್ಟಿದೆ ಎಂಬುದರಷ್ಟೇ ಅದು ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಒಂದೇ ವೇಗದಲ್ಲಿ ಬೀಸಿದಾಗ ಕೈಯಿಂದ 25 ಅಂಗುಲ ದೂರದಲ್ಲಿರುವ ಭಾರಕ್ಕೆ, 5 ಅಂಗುಲ ದೂರದಲ್ಲಿರುವ ಅಷ್ಟೇ ಭಾರಕ್ಕಿಂತ ಇಪ್ಪತ್ತೈದು ಪಟ್ಟು ಶಕ್ತಿ ಇರುತ್ತದೆ; ದೂರ ಐದು ಪಟ್ಟಾದರೆ ಶಕ್ತಿ ಐದೈದಲ ಇಪ್ಪತ್ತೈದು. ಎತ್ತುವಾಗ ಮಾತ್ರ ಎರಡೂ ತಕ್ಕಡಿಗೆ ಒಂದೇ.

ಹಾಗಾದರೆ ಭಾರ ಹಿಡಿಯ ಹತ್ತಿರವಿರಲಿ, ತಲೆ ಪೊಳ್ಳಾಗಿಯೇ ಇರಲಿ. 12 ಮಿಲಿಮೀಟರ್ ಕಬ್ಬಿಣದ ಸರಳು ಮೀಟರಿಗೆ ಸುಮಾರು 890 ಗ್ರಾಂ ತೂಗುತ್ತದೆ. ಹತ್ತು ಅಂಗುಲದ ಮೂರು ತುಂಡುಗಳನ್ನು ಕತ್ತರಿಸಿ, ಒಟ್ಟಿಗೆ ಕಟ್ಟಿ, ಪೈಪಿನ ಕೆಳಭಾಗದಲ್ಲಿ ಹಿಡಿಯ ಮೇಲಕ್ಕೆ ಬರುವಂತೆ ತೂರಿಸಿದೆ, 680 ಗ್ರಾಂ. ಗಲಗಲ ಅನ್ನದಂತೆ ಸಂದಿಗೆಲ್ಲ ಹತ್ತಿ ತುರುಕಿ ವಾರ್ನಿಷ್ ಸುರಿದು, ಹಂಡೆಯ ಪಕ್ಕದಲ್ಲಿ ಒಣಗಿಸಿದೆ. ಗದೆ 1 ಕಿಲೋ 630 ಗ್ರಾಂ ಆಯಿತು. ಎತ್ತಿದರೆ ಮಣಿಕಟ್ಟು ಇಳಿಯುತ್ತದೆ, ತೋಳು ಬಿಗಿಯುತ್ತದೆ. ಬೀಸಿ ಅಂಗೈ ಒಡ್ಡಿದರೆ ಬೆತ್ತದ ಬುಟ್ಟಿ ತಾಗಿದಂತೆ ತಾಗುತ್ತದೆ. ನನ್ನ ತೊಡೆಗೇ ಹೊಡೆದುಕೊಂಡು ನೋಡಿದೆ.

ಮೇಷ್ಟ್ರು ಮಳಿಗೆಗೆ ಬಂದು ಎತ್ತಿದರು. ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೊಮ್ಮೆ ಎತ್ತಿದರು. ಏನೂ ಹೇಳಲಿಲ್ಲ, ಪೊರಕೆ ಎನ್ನಲಿಲ್ಲ, ಅಷ್ಟೇ.

ಕತ್ತಲಲ್ಲಿ ತಪ್ಪಾಗದಿರಲು ದಾರದ ಬದಲು ಜಾಗವನ್ನೇ ಗುರುತು ಮಾಡಿದೆ. ಹಗುರದ ಗದೆ ನನ್ನ ಬಲಗಡೆ ಒಂದು ಕೊಕ್ಕೆಯಲ್ಲಿ ತೂಗುತ್ತಿರುತ್ತದೆ. ಭಾರದ ಗದೆ ಮೇಷ್ಟ್ರ ಕೈಯಿಂದ ನೇರವಾಗಿ ಎಡಗಡೆಯ ಮುಚ್ಚಳವಿರುವ ಪೆಟ್ಟಿಗೆಗೆ ಹೋಗಬೇಕು, ಮುಚ್ಚಳ ಹಾಕಿದ ಮೇಲೆಯೇ ಬಲಗೈ ಕೊಕ್ಕೆಗೆ ಹೋಗಬೇಕು. ತೆಗೆಸಿದ್ದ ಫ್ಯಾನನ್ನು ರಬ್ಬರ್ ತುಂಡುಗಳ ಮೇಲೆ ಕೂರಿಸಿ ಸದ್ದಡಗಿಸಿ, ನಿರ್ದೇಶಕಿಯವರಿಗೆ ಹೇಳದೆ ಮತ್ತೆ ಇಟ್ಟೆ.

ಪ್ರದರ್ಶನ

ಮಳೆಯಿದ್ದರೂ ಜನ ಬಂದಿದ್ದರು. ಬದಲಾವಣೆ ಸರಿಯಾಗಿ ನಡೆಯಿತು. ಹಿಮ್ಮಡಿ ಒದೆತ ಬೆನ್ನಿಗೆ ತಾಗಿತು, ಹಾಳೆ ಬಿರಿಯಿತು, ಮೇಲೆ ಮೇಷ್ಟ್ರು ಬಿದ್ದ ಭಾರಕ್ಕೆ ಪ್ಲೈವುಡ್ ನನ್ನ ತಲೆಯ ಮೇಲೆ ಒಂದು ನೂಲಿನಷ್ಟು ಬಗ್ಗಿತು. ಭೀಮ ಕಿರೀಟವನ್ನು ಒದೆಯುವ ಭಾಗದಲ್ಲಿ ಒಂದು ಮೊಂಡು ಮೊನೆ ಮುರಿದು ಪಟ್ಟಿಗಳ ಸಂದಿಯಿಂದ ಜಾರಿ ನನ್ನ ಮಡಿಲಿಗೆ ಬಿತ್ತು. ನನಗೆ ಕಂಡ ನಾಟಕ ಇಷ್ಟೇ.

ಬಿಚ್ಚುವಾಗ ಬರೆದುಕೊಂಡದ್ದು: ಪಟ್ಟಿಗಳಲ್ಲಿ ನಾಲ್ಕರ ಎಲಾಸ್ಟಿಕ್ ಸಡಿಲವಾಗಿದೆ. ಬಟ್ಟೆಗೆ ಬೆವರು ತಾಗಿರುವುದರಿಂದ ಒಗೆದು ಬೋರಾಕ್ಸ್ ನೀರಿಗೆ ಮತ್ತೆ ಅದ್ದಬೇಕು. ಹಗುರದ ಗದೆಯ ಎಂಟು ಕಡ್ಡಿಗಳಲ್ಲಿ ಮೂರನೆಯದು ಮೇಲಿನ ಬಿಲ್ಲೆಯ ಬಳಿ ಸೀಳಿದೆ. ಬದಲಾಯಿಸುವ ಅಗತ್ಯವಿಲ್ಲ, ಟೇಪು ಸುತ್ತಿ ವಾರ್ನಿಷ್ ಹಾಕಿದರೆ ಸಾಕು. ಕಿರೀಟದ ಮೊನೆಗೆ ಬೆಸುಗೆ ಹಾಕಿಸಬೇಕು.

ಅರಸೀಕೆರೆಯಲ್ಲಿ ಎರಡನೆಯ ಪ್ರದರ್ಶನ ಗೊತ್ತಾಗಿದೆ. ಮೊನ್ನೆ ಭೀಮನವರು ಮಳಿಗೆಯ ಬಾಗಿಲಲ್ಲಿ ಬಹಳ ಹೊತ್ತು ಮಳೆ ನೋಡುತ್ತಾ ನಿಂತಿದ್ದು, ಕಡೆಗೆ ತಮ್ಮ ಗದೆಯನ್ನು ಮೇಜಿನ ಮೇಲೆ ಇಟ್ಟು, “ಅಣ್ಣ, ಮೇಷ್ಟ್ರದಕ್ಕೆ ಹಾಕಿದ ಸರಳು ಇನ್ನೂ ಸ್ವಲ್ಪ ಮಿಕ್ಕಿದೆಯಾ?” ಎಂದು ಕೇಳಿದರು. ಮಿಕ್ಕಿರುವುದು ಇಪ್ಪತ್ತೆರಡು ಅಂಗುಲ. ಎರಡು ತುಂಡು ಆಗುತ್ತದೆ. ಮೂರನೆಯದನ್ನು ಗುಜರಿಯಲ್ಲಿ ಹುಡುಕಬೇಕು.